ಗ್ರೂಪ್ ಥಿಯರಿ: ನಿಯಮ ಆಮೇಲೆ ಬರಲಿ, ಮೊದಲು ತ್ರಿಭುಜ ತಿರುಗಿಸಿ

ಮಾನ್ಯ ಸಂಪಾದಕರೇ,

ನಿಮ್ಮ ವಿಜ್ಞಾನ ಪುಟದಲ್ಲಿ ಈಚೆಗೆ ಗ್ರೂಪ್ ಥಿಯರಿಯನ್ನು, ಅಂದರೆ ಎರಡನ್ನು ಸೇರಿಸಿದರೆ ಮೂರನೆಯದು ಬರುವ, ಮಾಡಿದ್ದನ್ನು ವಾಪಸ್ ಮಾಡಬಹುದಾದ ಕೂಟಗಳ ಗಣಿತವನ್ನು, ಪರಿಚಯಿಸುವ ಲೇಖನ ಬಂತು. ಮುಂದಿನ ವಾರ ಇದೇ ಅಂಕಣದಲ್ಲಿ ಒಬ್ಬ ಓದುಗರು ಅದಕ್ಕೆ ಪ್ರತಿಕ್ರಿಯೆ ಬರೆದರು. ನಾಲ್ಕು ನಿಯಮ ಹೇಳಿ, ಪೂರ್ಣಾಂಕಗಳು ಆ ನಾಲ್ಕನ್ನೂ ಪಾಲಿಸುತ್ತವೆ ಅಂತ ತೋರಿಸಿದರೆ ಆಗಿದ್ದಾದರೂ ಏನು, ಇಂಥದ್ದನ್ನು ಮಕ್ಕಳ ತಲೆಗೆ ಯಾಕೆ ತುಂಬಬೇಕು ಎಂಬುದು ಅವರ ಪ್ರಶ್ನೆ. ಡಿಗ್ರಿ ವಿದ್ಯಾರ್ಥಿಗಳಿಗೆ ಬಹಳ ವರ್ಷ ಇದೇ ವಿಷಯ ಪಾಠ ಮಾಡಿದವಳು ನಾನು. ಲೇಖಕರ ಪರವಾಗಿ ನಾಲ್ಕು ಮಾತು ಬರೆಯೋಣ ಅಂತಲೇ ಕೂತೆ. ಆದರೆ ಲೇಖನವನ್ನು ಇನ್ನೊಮ್ಮೆ ಓದಿದ ಮೇಲೆ ಓದುಗರ ಸಿಟ್ಟು ನ್ಯಾಯವಾದದ್ದೇ ಅನ್ನಿಸಿತು. ಸಿಟ್ಟು ಬರಬೇಕಾದ್ದು ವಿಷಯದ ಮೇಲಲ್ಲ, ಅದನ್ನು ಹೇಳಿದ ಕ್ರಮದ ಮೇಲೆ.

ಪೂರ್ಣಾಂಕಗಳನ್ನು ಕೂಡುವುದು ಗ್ರೂಪಿಗೆ ಸರಿಯಾದ ಉದಾಹರಣೆಯೇ. ಮೊದಲ ಉದಾಹರಣೆಯಾಗಿ ಮಾತ್ರ ಅದರಷ್ಟು ಕೆಟ್ಟದ್ದು ಬೇರೆ ಇಲ್ಲ. ಸೊನ್ನೆ ಕೂಡಿದರೆ ಸಂಖ್ಯೆ ಬದಲಾಗುವುದಿಲ್ಲ, 3ಕ್ಕೆ -3 ಕೂಡಿದರೆ ಸೊನ್ನೆ. ಇದೆಲ್ಲ ಶಾಲೆಯ ಮಕ್ಕಳಿಗೇ ಗೊತ್ತು. ಗೊತ್ತಿರುವುದಕ್ಕೆ ಹೊಸದಾಗಿ ಆವೃತ ಗುಣ, ಸಹವರ್ತನೀಯ ಗುಣ, ಅನನ್ಯತಾಂಶ, ವಿಲೋಮ ಅಂತ ಹೆಸರಿಟ್ಟರೆ ಯಾರಿಗೂ ಏನೂ ಸಿಗುವುದಿಲ್ಲ. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಸಂಖ್ಯೆಗಳನ್ನು ಯಾವ ಕ್ರಮದಲ್ಲಿ ಕೂಡಿದರೂ ಉತ್ತರ ಒಂದೇ. ಗ್ರೂಪ್ ಥಿಯರಿಯಲ್ಲಿ ಸ್ವಾರಸ್ಯ ಇರುವುದೇ ಕ್ರಮ ಬದಲಾದಾಗ ಉತ್ತರ ಬದಲಾಗುವ ಕಡೆ. ಅದನ್ನು ಮೊದಲ ಸಾಲಿನಲ್ಲೇ ಮುಚ್ಚಿಟ್ಟ ಹಾಗಾಯಿತು.

ಪರೀಕ್ಷೆಗಳಲ್ಲಿ ಒಂದು ಪ್ರಶ್ನೆ ತಪ್ಪದೇ ಬರುತ್ತದೆ. ಅ, ಬ ಎಂಬ ಎರಡು ಧನ ಭಾಗಲಬ್ಧ ಸಂಖ್ಯೆಗಳನ್ನು ಗುಣಿಸಿ 2ರಿಂದ ಭಾಗಿಸುವ ಕ್ರಿಯೆ ಇಟ್ಟುಕೊಂಡರೆ ಅದು ಗ್ರೂಪ್ ಆಗುತ್ತದೆ ಎಂದು ಸಾಧಿಸಿ. ಹುಡುಗಿ ಅನನ್ಯತಾಂಶ 2 ಅಂತ ಹುಡುಕುತ್ತಾಳೆ, ಅ ಸಂಖ್ಯೆಯ ವಿಲೋಮ 4 ಭಾಗಿಸು ಅ ಅಂತ ಬರೆಯುತ್ತಾಳೆ, ಪೂರ್ತಿ ಅಂಕ ತೆಗೆದುಕೊಂಡು ಹೋಗುತ್ತಾಳೆ. ಆ ಲೆಕ್ಕ ಯಾಕೆ ಅಂತ ಅವಳೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ನಿಜ ಹೇಳಬೇಕೆಂದರೆ ಅದು ನಮ್ಮ ಮಾಮೂಲಿ ಗುಣಾಕಾರವೇ, ವೇಷ ಹಾಕಿಕೊಂಡು ಬಂದಿದೆ ಅಷ್ಟೆ. ಪ್ರತಿ ಸಂಖ್ಯೆಯನ್ನೂ ಅರ್ಧ ಮಾಡಿ ನೋಡಿ, ವೇಷ ಕಳಚುತ್ತದೆ: ಅದರ ಅರ್ಧವನ್ನು ಇದರ ಅರ್ಧದಿಂದ ಗುಣಿಸಿದರೆ ಉತ್ತರದ ಅರ್ಧ ಬರುತ್ತದೆ. ಈ ಒಂದು ಸಾಲನ್ನು ಪಾಠದಲ್ಲಿ ಸೇರಿಸಿದರೆ ಐಸೋಮಾರ್ಫಿಸಂ, ಅಂದರೆ ಎರಡು ಗ್ರೂಪುಗಳು ವೇಷ ಬೇರೆಯಾದರೂ ಒಳಗೆ ಒಂದೇ ಎಂಬ ದೊಡ್ಡ ಕಲ್ಪನೆ ಅಲ್ಲೇ ಕೈಗೆ ಸಿಗುತ್ತದೆ. ನಾವು ಅದನ್ನು ಹತ್ತು ಪಾಠ ದಾಟಿದ ಮೇಲೆ, ಬೇರೆ ಅಧ್ಯಾಯದಲ್ಲಿ, ಬೇರೆ ವ್ಯಾಖ್ಯೆಯಾಗಿ ಹೇಳುತ್ತೇವೆ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ರಟ್ಟಿನಲ್ಲಿ ಒಂದು ಸಮಬಾಹು ತ್ರಿಭುಜ ಕತ್ತರಿಸಿ. ಮೂಲೆಗಳಿಗೆ ಎರಡೂ ಬದಿಯಲ್ಲಿ ಅ, ಬ, ಕ ಅಂತ ಬರೆಯಿರಿ. ಕಾಗದದ ಮೇಲಿಟ್ಟು ಸುತ್ತಲೂ ಗೆರೆ ಎಳೆಯಿರಿ. ಈಗ ರಟ್ಟನ್ನು ಎತ್ತಿ, ಮತ್ತೆ ಅದೇ ಗೆರೆಯೊಳಗೆ ಕೂರಿಸಬೇಕು. ಎಷ್ಟು ರೀತಿಯಲ್ಲಿ ಕೂರಿಸಬಹುದು? ಆರು. ಸುಮ್ನೆ ಹಾಗೇ ಇಡುವುದು ಒಂದು. 120 ಡಿಗ್ರಿ ತಿರುಗಿಸುವುದು, 240 ಡಿಗ್ರಿ ತಿರುಗಿಸುವುದು, ಅಲ್ಲಿಗೆ ಮೂರು. ಒಂದು ಮೂಲೆಯನ್ನು ಇದ್ದಲ್ಲೇ ಇಟ್ಟು ಉಳಿದೆರಡು ಅದಲುಬದಲಾಗುವಂತೆ ಮಗುಚುವುದು ಇನ್ನು ಮೂರು ರೀತಿ. ಏಳನೆಯದು ಇಲ್ಲ, ಯಾಕೆಂದರೆ ಮೂರು ಅಕ್ಷರಗಳನ್ನು ಮೂರು ಜಾಗದಲ್ಲಿ ಜೋಡಿಸುವ ಕ್ರಮಗಳೇ ಆರು.

ಈಗ ಎರಡು ಕೆಲಸ ಒಂದರ ಹಿಂದೆ ಒಂದು ಮಾಡಿ. ಮೇಲೆ ಅ, ಎಡಕ್ಕೆ ಬ, ಬಲಕ್ಕೆ ಕ ಇದೆ ಅನ್ನಿ. ಗಡಿಯಾರದ ದಿಕ್ಕಿನಲ್ಲಿ 120 ಡಿಗ್ರಿ ತಿರುಗಿಸಿ. ಮೇಲೆ ಬ ಬಂತು, ಬಲಕ್ಕೆ ಅ, ಎಡಕ್ಕೆ ಕ. ಈಗ ಮೇಲಿನ ಮೂಲೆ ಅಲ್ಲೇ ಇರುವಂತೆ ಮಗುಚಿ. ಮೇಲೆ ಬ, ಎಡಕ್ಕೆ ಅ, ಬಲಕ್ಕೆ ಕ. ಇದನ್ನು ಬರೆದಿಟ್ಟುಕೊಳ್ಳಿ. ರಟ್ಟನ್ನು ಮೊದಲಿನಂತೆ ಇಟ್ಟು, ಈ ಸಲ ಮೊದಲು ಮಗುಚಿ, ಆಮೇಲೆ ತಿರುಗಿಸಿ. ಮಗುಚಿದಾಗ ಮೇಲೆ ಅ, ಎಡಕ್ಕೆ ಕ, ಬಲಕ್ಕೆ ಬ. ತಿರುಗಿಸಿದಾಗ ಮೇಲೆ ಕ, ಬಲಕ್ಕೆ ಅ, ಎಡಕ್ಕೆ ಬ. ಮೊದಲ ಸಲ ಮೇಲೆ ಬ ಇತ್ತು, ಈಗ ಕ ಇದೆ. ಅದೇ ಎರಡು ಕೆಲಸ, ಕ್ರಮ ಮಾತ್ರ ಬೇರೆ, ಫಲವೂ ಬೇರೆ. ಕ್ಲಾಸಿನಲ್ಲಿ ಈ ಹೊತ್ತಿಗೆ ಯಾರಾದರೂ ಒಬ್ಬರು 'ಮೇಡಂ, ಎಲ್ಲೋ ತಪ್ಪಾಗಿದೆ' ಅನ್ನುತ್ತಾರೆ. ಇನ್ನೊಮ್ಮೆ ಮಾಡಿ ನೋಡುತ್ತಾರೆ. ಅಷ್ಟರಲ್ಲಿ ಪಾಠ ಅರ್ಧ ಮುಗಿದಿರುತ್ತದೆ.

ಈಗ ನಿಯಮಗಳನ್ನು ಹೇಳಿ, ಅವು ತಾವಾಗಿ ಬರುತ್ತವೆ. ಆರು ಕೆಲಸಗಳಲ್ಲಿ ಯಾವ ಎರಡನ್ನು ಸೇರಿಸಿ ಮಾಡಿದರೂ ಕೊನೆಗೆ ರಟ್ಟು ಅದೇ ಗೆರೆಯೊಳಗೆ ಕೂರುತ್ತದೆ, ಅಂದರೆ ಫಲ ಆ ಆರರಲ್ಲೇ ಒಂದು. ಇದು ಆವೃತ ಗುಣ. ಸುಮ್ಮನಿರುವುದೂ ಒಂದು ಕೆಲಸವೇ, ಅದು ಅನನ್ಯತಾಂಶ. ಮಾಡಿದ ಯಾವ ಕೆಲಸವನ್ನೂ ವಾಪಸ್ ಮಾಡಬಹುದು: 120 ಡಿಗ್ರಿ ತಿರುಗಿಸಿದ್ದನ್ನು 240 ಡಿಗ್ರಿ ತಿರುಗಿಸಿ ಸರಿಮಾಡಬಹುದು, ಮಗುಚಿದ್ದನ್ನು ಮತ್ತೆ ಮಗುಚಿ ಸರಿಮಾಡಬಹುದು. ಇದು ವಿಲೋಮ. ಎರಡು ಕೆಲಸ ಮಾಡಿದ್ದರೆ ವಾಪಸ್ ಬರುವಾಗ ಕ್ರಮ ಉಲ್ಟಾ ಆಗಬೇಕು. ಬಾಗಿಲು ಮುಚ್ಚಿ ಚಿಲಕ ಹಾಕಿದವರು ತೆರೆಯುವಾಗ ಮೊದಲು ಚಿಲಕ ತೆಗೆಯಬೇಕು, ಅಲ್ವಾ?

ಉಳಿದದ್ದು ಸಹವರ್ತನೀಯ ಗುಣ, ಅಂದರೆ ಮೂರನ್ನು ಸೇರಿಸುವಾಗ ಕಂಸ ಎಲ್ಲಿ ಹಾಕಿದರೂ ಉತ್ತರ ಒಂದೇ ಎನ್ನುವುದು. ಇದನ್ನು ಪರೀಕ್ಷಿಸಲು ಕೆಲವು ಪಠ್ಯಗಳು ಕೋಷ್ಟಕ ಕೊಟ್ಟು ಮೂರು ಮೂರು ಸದಸ್ಯರನ್ನು ಹಿಡಿದು ನೋಡಿ ಅನ್ನುತ್ತವೆ. ಆರು ಸದಸ್ಯರಿದ್ದರೆ 216 ಸಲ ನೋಡಬೇಕು. ಏನೂ ಬೇಕಾಗಿಲ್ಲ. ಕೆಲಸಗಳನ್ನು ಒಂದರ ಹಿಂದೆ ಒಂದು ಮಾಡುವಾಗ ಕಂಸ ಎಲ್ಲಿ ಹಾಕಿದರೂ ಕೈ ಮಾಡುವುದು ಅದೇ ಮೂರು ಕೆಲಸ, ಅದೇ ಕ್ರಮದಲ್ಲಿ. ಅದು ಪುಕ್ಕಟೆ ಸಿಗುವ ಗುಣ. ಇಂಗ್ಲಿಷ್ ಗಣಿತಜ್ಞ ಆರ್ಥರ್ ಕೇಲಿ ತೋರಿಸಿದ ಒಂದು ಸಂಗತಿಯೂ ಇದಕ್ಕೆ ಸೇರಿಕೊಳ್ಳುತ್ತದೆ: ಯಾವ ಗ್ರೂಪನ್ನು ತೆಗೆದುಕೊಂಡರೂ ಅದನ್ನು ಕೆಲವು ವಸ್ತುಗಳನ್ನು ಅದಲುಬದಲು ಮಾಡುವ ಕೆಲಸಗಳ ಗ್ರೂಪ್ ಎಂದು ನೋಡಬಹುದು. ಅಂದರೆ ಕೆಲಸಗಳಿಂದ ಶುರು ಮಾಡಿದರೆ ಯಾವ ಗ್ರೂಪೂ ಕೈತಪ್ಪುವುದಿಲ್ಲ. ನಿಯಮಗಳನ್ನು ಮಾತ್ರ ಇಟ್ಟುಕೊಂಡು ಗ್ರೂಪನ್ನು ಹೇಳಿದ್ದು ಕೇಲಿಯೇ ಮೊದಲು, 1854ರಲ್ಲಿ. ಅದಕ್ಕೂ ಮುಂಚೆ ಹಲವು ದಶಕ ಗಣಿತಜ್ಞರು ನಿಯಮಗಳ ಪಟ್ಟಿ ಇಲ್ಲದೆಯೇ ಗ್ರೂಪುಗಳ ಜೊತೆ ಕೆಲಸ ಮಾಡಿದ್ದರು. ಚರಿತ್ರೆ ನಡೆದ ದಾರಿಯಲ್ಲಿ ಮಕ್ಕಳನ್ನು ನಡೆಸಿದರೆ ತಪ್ಪೇನು?

ಆರು ಸದಸ್ಯರ ಗ್ರೂಪ್ ಇದೊಂದೇ ಅಲ್ಲ. 0ಯಿಂದ 5ರವರೆಗಿನ ಸಂಖ್ಯೆಗಳನ್ನು ಕೂಡಿ, 6ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. 4ಕ್ಕೆ 5 ಕೂಡಿದರೆ 9, ಶೇಷ 3. ಇಲ್ಲೂ ಆರು ಸದಸ್ಯರು. ಆದರೆ ಇಲ್ಲಿ ಕ್ರಮ ಬದಲಾದರೂ ಉತ್ತರ ಅದೇ, ತ್ರಿಭುಜದಲ್ಲಿ ಹಾಗಲ್ಲ. ಹಾಗಾಗಿ ಇವೆರಡೂ ಒಂದೇ ಗ್ರೂಪಿನ ಎರಡು ವೇಷ ಆಗಲು ಸಾಧ್ಯವೇ ಇಲ್ಲ. ವೇಷಗಳನ್ನು ಬೇರೆ ಅಂತ ಎಣಿಸದಿದ್ದರೆ 6 ಸದಸ್ಯರ ಗ್ರೂಪುಗಳು ಈ ಎರಡೇ. 8 ಸದಸ್ಯರವು ಐದು. 15 ಸದಸ್ಯರದ್ದು ಒಂದೇ ಒಂದು. 16ಕ್ಕೆ ಹೋದರೆ 14. 1024 ಸದಸ್ಯರ ಗ್ರೂಪುಗಳು 4,900 ಕೋಟಿಗಿಂತ ಜಾಸ್ತಿ! ನಾಲ್ಕು ಸಣ್ಣ ನಿಯಮಗಳಿಂದ ಇಷ್ಟು ಏರುಪೇರು ಹುಟ್ಟುತ್ತದೆ ಅನ್ನುವುದನ್ನು ನಿಮ್ಮ ಲೇಖನ ಹೇಳಿದ್ದರೆ ಓದುಗರು 'ಅದರಿಂದೇನಾಯಿತು' ಅಂತ ಕೇಳುತ್ತಿರಲಿಲ್ಲವೇನೋ.

ಲೇಖನದಲ್ಲಿ ಲಗ್ರಾಂಜ್ ಪ್ರಮೇಯಕ್ಕೆ ಒಂದೂವರೆ ಸಾಲು ಸಿಕ್ಕಿತ್ತು. ನನ್ನ ಮಟ್ಟಿಗೆ ಇಡೀ ವಿಷಯದ ಬಾಗಿಲು ಅದೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಒಂದು ಗ್ರೂಪಿನ ಒಳಗೆ ಇನ್ನೊಂದು ಚಿಕ್ಕ ಗ್ರೂಪ್ ಇರಬಹುದು. ತ್ರಿಭುಜದ ಆರರಲ್ಲಿ ಮೂರು ತಿರುಗಿಸುವಿಕೆಗಳು ತಮ್ಮಷ್ಟಕ್ಕೆ ಒಂದು ಗ್ರೂಪ್. ಸುಮ್ಮನಿರುವುದು ಮತ್ತು ಒಂದು ಮಗುಚುವಿಕೆ, ಇವೆರಡೇ ಸೇರಿದರೂ ಒಂದು ಗ್ರೂಪ್. ಪ್ರಮೇಯ ಹೇಳುವುದು ಇಷ್ಟು: ಚಿಕ್ಕದರ ಸದಸ್ಯರ ಸಂಖ್ಯೆ ದೊಡ್ಡದರ ಸದಸ್ಯರ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸಲೇಬೇಕು. ಆರರ ಒಳಗೆ ನಾಲ್ಕರ ಗ್ರೂಪ್ ಎಷ್ಟು ಹುಡುಕಿದರೂ ಸಿಗದು.

ಸಾಧನೆಗೆ ಯಾವ ಸೂತ್ರವೂ ಬೇಡ. ಮೂರು ತಿರುಗಿಸುವಿಕೆಗಳನ್ನು ಒಂದು ಕಂತೆ ಮಾಡಿ. ಕಂತೆಯ ಹೊರಗಿರುವ ಒಂದನ್ನು ಎತ್ತಿಕೊಳ್ಳಿ, ಒಂದು ಮಗುಚುವಿಕೆ ಅನ್ನೋಣ. ಕಂತೆಯ ಪ್ರತಿ ಕೆಲಸ ಮಾಡಿ, ಅದರ ಹಿಂದೆಯೇ ಈ ಮಗುಚುವಿಕೆ ಮಾಡಿ. ಮೂರು ಫಲ ಬಂದವು. ಅವು ಮೂರೂ ಬೇರೆ ಬೇರೆಯೇ ಆಗಿರಬೇಕು, ಯಾಕೆಂದರೆ ಎರಡು ಒಂದೇ ಆಗಿದ್ದರೆ ಮಗುಚಿದ್ದನ್ನು ವಾಪಸ್ ಮಾಡಿದಾಗ ಮೊದಲಿನ ಎರಡೂ ಒಂದೇ ಆಗಿಬಿಡುತ್ತವೆ. ಹಳೆಯ ಕಂತೆಯಲ್ಲಿ ಅವುಗಳಲ್ಲಿ ಯಾವುದೂ ಇರಲಾರದು. ಇದ್ದರೆ ತಿರುಗಿಸಿದ್ದನ್ನು ವಾಪಸ್ ಮಾಡಿ ನೋಡಿ, ಆ ಮಗುಚುವಿಕೆಯೇ ಹಳೆಯ ಕಂತೆಯಲ್ಲಿ ಇತ್ತು ಎಂದಾಗುತ್ತದೆ. ಅಂದರೆ ಅಷ್ಟೇ ಗಾತ್ರದ, ಪೂರ್ತಿ ಹೊಸ ಕಂತೆ ಸಿಕ್ಕಿತು. ದೊಡ್ಡ ಗ್ರೂಪಿನಲ್ಲಿ ಇನ್ನೂ ಯಾರಾದರೂ ಉಳಿದಿದ್ದರೆ ಅವರನ್ನು ಹಿಡಿದು ಮತ್ತೊಂದು ಕಂತೆ ಮಾಡಿ. ಹೀಗೆ ಮಾಡುತ್ತಾ ಹೋದರೆ ದೊಡ್ಡ ಗ್ರೂಪ್ ಸಮಾನ ಗಾತ್ರದ ಕಂತೆಗಳಾಗಿ ಒಡೆಯುತ್ತದೆ, ಅರ್ಧ ಕಂತೆ ಅಂತ ಕೊನೆಗೆ ಉಳಿಯುವುದೇ ಇಲ್ಲ. ಸಾಧನೆ ಮುಗಿಯಿತು. ಇಡೀ ವಾದದಲ್ಲಿ ಬಳಸಿದ ಉಪಕರಣ ಒಂದೇ, 'ಮಾಡಿದ್ದನ್ನು ವಾಪಸ್ ಮಾಡಬಹುದು' ಎನ್ನುವುದು. ವಿಲೋಮದ ನಿಯಮ ಯಾಕಿದೆ ಅಂತ ಕೇಳಿದವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಇದರ ಫಲ ಎಲ್ಲೆಲ್ಲಿ ಬೀಳುತ್ತದೆ ನೋಡಿ. 1ರಿಂದ 6ರವರೆಗಿನ ಸಂಖ್ಯೆಗಳನ್ನು ಗುಣಿಸಿ, 7ರಿಂದ ಭಾಗಿಸಿದ ಶೇಷ ಇಟ್ಟುಕೊಂಡರೆ ಆರು ಸದಸ್ಯರ ಗ್ರೂಪ್. 2ನ್ನು 2ರಿಂದಲೇ ಗುಣಿಸುತ್ತಾ ಹೋದರೆ 2, 4, 1 ಬಂದು ಸುತ್ತು ಮುಗಿಯುತ್ತದೆ, ಮೂರು ಹೆಜ್ಜೆ. 3ರಿಂದ ಹೊರಟರೆ 3, 2, 6, 4, 5, 1, ಆರು ಹೆಜ್ಜೆ. ನಾಲ್ಕು ಹೆಜ್ಜೆಯ ಸುತ್ತಾಗಲಿ ಐದು ಹೆಜ್ಜೆಯ ಸುತ್ತಾಗಲಿ ಇಲ್ಲಿ ಬರಲಾರದು, ಲಗ್ರಾಂಜ್ ಪ್ರಮೇಯ ಬಿಡುವುದಿಲ್ಲ. ಹಾಗಾಗಿ ಯಾವ ಸಂಖ್ಯೆಯ ಆರನೇ ಘಾತವೂ ಇಲ್ಲಿ 1 ಆಗಲೇಬೇಕು. 5ರ ಆರನೇ ಘಾತ 15625, ಅದರಿಂದ 1 ಕಳೆದರೆ 15624, ಅದು 7ರ 2232 ಪಟ್ಟು. 7ರ ಜಾಗದಲ್ಲಿ ಯಾವ ಅವಿಭಾಜ್ಯ ಸಂಖ್ಯೆ ಇಟ್ಟರೂ, 6ರ ಜಾಗದಲ್ಲಿ ಅದಕ್ಕಿಂತ ಒಂದು ಕಡಿಮೆ ಇಟ್ಟುಕೊಂಡರೆ, ಇದೇ ಮಾತು ನಡೆಯುತ್ತದೆ. ಫರ್ಮಾ 1640ರಲ್ಲಿ ಹೇಳಿದ್ದ ಪ್ರಮೇಯ ಇದು. ಗ್ರೂಪ್ ಕಣ್ಣಿಗೆ ಬಿದ್ದ ಮೇಲೆ ಎರಡು ಸಾಲಿನಲ್ಲಿ ಮುಗಿಯುತ್ತದೆ.

ಪ್ರಮೇಯವನ್ನು ತಲೆಕೆಳಗು ಮಾಡಬೇಡಿ ಎಂಬ ಎಚ್ಚರಿಕೆಯನ್ನು ಲೇಖನ ಕೊಡಲಿಲ್ಲ. ಭಾಗಿಸುವ ಪ್ರತಿ ಸಂಖ್ಯೆಗೂ ಒಳಗೊಂದು ಗ್ರೂಪ್ ಇರಲೇಬೇಕು ಅಂತೇನಿಲ್ಲ. ನಾಲ್ಕು ಸಮಬಾಹು ತ್ರಿಭುಜಗಳಿಂದಾದ ಚತುರ್ಮುಖಿಯನ್ನು ತಿರುಗಿಸುವ ರೀತಿಗಳು 12. ಅದರೊಳಗೆ 6 ಸದಸ್ಯರ ಗ್ರೂಪ್ ಇಲ್ಲ.

ಲಗ್ರಾಂಜ್‌ಗೆ ಗ್ರೂಪ್ ಅಂದರೇನು ಅಂತ ಗೊತ್ತಿರಲಿಲ್ಲ ಎಂಬುದು ನನಗೆ ಯಾವಾಗಲೂ ಮಜಾ ಅನ್ನಿಸುವ ವಿಷಯ. 1770-71ರಲ್ಲಿ ಅವರು ನೋಡುತ್ತಿದ್ದದ್ದು ಸಮೀಕರಣಗಳನ್ನು. ಅ, ಬ, ಕ ಇರುವ ಒಂದು ಬೀಜೋಕ್ತಿ ಬರೆದು ಅಕ್ಷರಗಳನ್ನು ಆರು ರೀತಿಯಲ್ಲಿ ಅದಲುಬದಲು ಮಾಡಿದರೆ ಎಷ್ಟು ಬೇರೆ ಬೇರೆ ಬೀಜೋಕ್ತಿ ಬರುತ್ತವೆ ಎಂದು ಕೇಳಿಕೊಂಡರು. ಮೂರನ್ನೂ ಕೂಡಿದರೆ ಒಂದೇ. ಅ ಮತ್ತು ಬ ಗುಣಿಸಿ ಕ ಕೂಡಿದರೆ ಮೂರು. ಎರಡು ಬರುವಂಥದ್ದೂ ಆರು ಬರುವಂಥದ್ದೂ ಇವೆ. ನಾಲ್ಕು ಬರುವಂಥದ್ದನ್ನು ಬರೆಯಲು ಕೂತುಕೊಳ್ಳಿ, ಆಗುವುದಿಲ್ಲ. ಪ್ರಮೇಯದ ಮೊದಲ ರೂಪ ಇದು.

ಇನ್ನು ಲೇಖನದ ಎರಡು ಮಾತುಗಳನ್ನು ತಿದ್ದಲೇಬೇಕು. ಒಂದು, ಫ್ರೆಂಚ್ ಗಣಿತಜ್ಞ ಗಾಲ್ವಾ ಸಾಯುವ ಹಿಂದಿನ ರಾತ್ರಿ ಕೂತು ಇಡೀ ಸಿದ್ಧಾಂತ ಬರೆದುಬಿಟ್ಟ ಅನ್ನುವುದು. ಕೇಳಲು ಚೆನ್ನಾಗಿದೆ, ನಡೆದದ್ದು ಹಾಗಲ್ಲ. ಎವರಿಸ್ತ್ ಗಾಲ್ವಾ 1829ರಲ್ಲೇ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ತನ್ನ ಕೆಲಸ ಕಳಿಸಿದ್ದ. 1830ರಲ್ಲಿ ಮತ್ತೆ ಕಳಿಸಿದ. ಅದನ್ನು ಇಟ್ಟುಕೊಂಡಿದ್ದ ಫೂರಿಯೇ ತೀರಿಕೊಂಡರು, ಹಸ್ತಪ್ರತಿ ಸಿಗಲಿಲ್ಲ. 1831ರಲ್ಲಿ ಮೂರನೇ ಸಲ ಕಳಿಸಿದ್ದನ್ನು ಪೊಯ್ಸಾನ್ ಸ್ಪಷ್ಟವಾಗಿಲ್ಲ ಅಂತ ವಾಪಸ್ ಮಾಡಿದರು. 1832ರ ಮೇ 29ರ ರಾತ್ರಿ ಅವನು ಗೆಳೆಯ ಶವಾಲಿಯೇಗೆ ಬರೆದ ಪತ್ರದಲ್ಲಿ ಇದ್ದದ್ದು ಹಲವು ವರ್ಷದ ಕೆಲಸದ ಸಾರಾಂಶ. ಮರುದಿನ ದ್ವಂದ್ವಯುದ್ಧದಲ್ಲಿ ಗುಂಡು ತಗುಲಿತು, ಮೇ 31ರಂದು ತೀರಿಕೊಂಡ. 20 ವರ್ಷ ವಯಸ್ಸು. ಲಿಯೂವಿಲ್ ಅವನ ಬರಹಗಳನ್ನು ಅಚ್ಚು ಹಾಕಿಸಿದ್ದು 1846ರಲ್ಲಿ. ಒಂದೇ ರಾತ್ರಿಯಲ್ಲಿ ಗಣಿತ ಹೊಳೆಯುತ್ತದೆ ಅಂತ ಹುಡುಗರು ನಂಬಿದರೆ, ಎರಡನೇ ದಿನವೂ ಹೊಳೆಯದಿದ್ದಾಗ ಪುಸ್ತಕ ಮುಚ್ಚಿಬಿಡುತ್ತಾರೆ. ಅದಕ್ಕೇ ಈ ಕಥೆ ನನಗೆ ಆಗದು.

ಎರಡು, ಐದನೇ ಘಾತದ ಸಮೀಕರಣ ಬಿಡಿಸಲು ಆಗುವುದಿಲ್ಲ ಎಂಬ ಸಾಲು. ಆಗುತ್ತದೆ! ಒಂದು ಸಂಖ್ಯೆಯ ಐದನೇ ಘಾತ 2 ಆಗಬೇಕು ಅಂದರೆ 2ರ ಐದನೇ ಮೂಲ ತೆಗೆದರಾಯಿತು. ಆಗದಿರುವುದು ಬೇರೆ. ವರ್ಗ ಸಮೀಕರಣಕ್ಕೆ ನಾವೆಲ್ಲ ಬಾಯಿಪಾಠ ಮಾಡಿದ ಸೂತ್ರವಿದೆ. ಮೂರನೇ, ನಾಲ್ಕನೇ ಘಾತದ ಸಮೀಕರಣಗಳ ಸೂತ್ರಗಳನ್ನು ಕಾರ್ಡಾನೋ 1545ರಲ್ಲಿ ಪ್ರಕಟಿಸಿದರು. ಐದನೇ ಘಾತದ ಎಲ್ಲ ಸಮೀಕರಣಕ್ಕೂ ಹೊಂದುವಂಥ, ಕೂಡು, ಕಳೆ, ಗುಣಿಸು, ಭಾಗಿಸು, ಮೂಲ ತೆಗೆ ಇಷ್ಟೇ ಬಳಸುವ ಸೂತ್ರ ಇಲ್ಲ. ರುಫಿನಿ 1799ರಲ್ಲಿ ಹೇಳಿದರು, ಸಾಧನೆಯಲ್ಲಿ ತೂತಿತ್ತು. ನಾರ್ವೆಯ ಆಬೆಲ್ 1824ರಲ್ಲಿ ಸಾಧಿಸಿ, ಕೈಯಿಂದ ದುಡ್ಡು ಹಾಕಿ ಅಚ್ಚು ಮಾಡಿಸಿದರು. ಖರ್ಚು ಉಳಿಸಲು ಆರು ಪುಟಕ್ಕೆ ಹಿಂಡಿದ್ದರಿಂದ ಓದಿದವರಿಗೆ ಅರ್ಥವಾಗುವುದು ಕಷ್ಟವಾಯಿತು. ಅವರೂ 26ಕ್ಕೇ ಹೋದರು. ಯಾವ ಸಮೀಕರಣ ಬಿಡಿಸಲು ಬರುತ್ತದೆ, ಯಾವುದು ಬರುವುದಿಲ್ಲ ಅಂತ ಪ್ರತಿಯೊಂದಕ್ಕೂ ಹೇಳುವ ದಾರಿ ತೋರಿದ್ದು ಗಾಲ್ವಾ. ದಾರಿಯೇ ಗ್ರೂಪ್.

ಅವನ ಉಪಾಯದ ರುಚಿ ಹತ್ತಬೇಕಾದರೆ ಈ ನಾಲ್ಕು ಸಂಖ್ಯೆ ತೆಗೆದುಕೊಳ್ಳಿ: 2ರ ಎರಡು ವರ್ಗಮೂಲಗಳು, ಒಂದು ಧನ, ಒಂದು ಋಣ, 3ರ ಎರಡು ವರ್ಗಮೂಲಗಳು. ನಾಲ್ಕನ್ನು ಅದಲುಬದಲು ಮಾಡುವ ರೀತಿ 24. ಆದರೆ 2ರ ಮೂಲವನ್ನು 3ರ ಮೂಲದ ಜಾಗದಲ್ಲಿ ಕೂರಿಸಿದರೆ ಗುಟ್ಟು ರಟ್ಟಾಗುತ್ತದೆ, ಯಾಕೆಂದರೆ ಒಂದರ ವರ್ಗ 2, ಇನ್ನೊಂದರದ್ದು 3. 2ರ ಮೂಲಗಳೆರಡನ್ನು ಅವುಗಳಲ್ಲೇ ಬದಲಿಸಿದರೆ ಮಾತ್ರ ಭಾಗಲಬ್ಧ ಸಂಖ್ಯೆಗಳಿಂದ ಬರೆದ ಯಾವ ಸಂಬಂಧವೂ ಕೆಡುವುದಿಲ್ಲ. 3ರದ್ದೂ ಹಾಗೇ. 24ರಲ್ಲಿ ಉಳಿದದ್ದು 4. ಸಮೀಕರಣದ ಮೂಲಗಳ ನಡುವಿನ ಸಂಬಂಧ ಕೆಡಿಸದ ಇಂಥ ಅದಲುಬದಲುಗಳೇ ಆ ಸಮೀಕರಣದ ಗ್ರೂಪ್. ಆ ಗ್ರೂಪನ್ನು ಪದರ ಪದರವಾಗಿ, ಒಂದೇ ಸದಸ್ಯನ ಘಾತಗಳಿಂದ ಆಗುವ ಸರಳ ಸುತ್ತುಗಳಾಗಿ ಬಿಡಿಸಲು ಬಂದರೆ ಸಮೀಕರಣಕ್ಕೆ ಸೂತ್ರ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ. ಒಂದು ಸಂಖ್ಯೆಯ ಐದನೇ ಘಾತದಿಂದ ಆ ಸಂಖ್ಯೆಯನ್ನೇ ಕಳೆದರೆ 1 ಬರಬೇಕು ಅನ್ನುವ ಸಮೀಕರಣ ನೋಡಿ. ಉತ್ತರ ಇದೆ, ಸುಮಾರು 1.1673. ಆದರೆ ಅದನ್ನು ಮೂಲಚಿಹ್ನೆಗಳಿಂದ ಬರೆಯಲು ಬರುವುದಿಲ್ಲ. ಅದರ ಗ್ರೂಪಿನಲ್ಲಿ ಐದು ಮೂಲಗಳ 120 ಅದಲುಬದಲುಗಳೂ ಇವೆ, ಅದರೊಳಗೆ 60 ಸದಸ್ಯರ ಒಂದು ಗ್ರೂಪ್ ಇದೆ. ಆ 60 ಯಾವ ರೀತಿಯಲ್ಲೂ ಪದರ ಬಿಡುವುದಿಲ್ಲ. 20 ತ್ರಿಭುಜಗಳ ಘನಾಕೃತಿಯನ್ನು ಕೈಯಲ್ಲಿ ಹಿಡಿದು ತಿರುಗಿಸುವ 60 ರೀತಿಗಳಿವೆಯಲ್ಲ, ಅದೂ ಇದೇ ಗ್ರೂಪ್. ಸಮೀಕರಣಕ್ಕೂ ಆ ಘನಾಕೃತಿಗೂ ಒಳಗೆ ಒಂದೇ ಅಸ್ಥಿಪಂಜರ!

ಹೀಗೆ ಒಡೆಯಲು ಬಾರದ ಸೀಮಿತ ಗ್ರೂಪುಗಳ ಪೂರ್ತಿ ಪಟ್ಟಿಯನ್ನು ಗಣಿತಜ್ಞರು ತಯಾರು ಮಾಡಿದ್ದಾರೆ. ಸಾಧನೆ ನೂರಾರು ಪ್ರಬಂಧಗಳಲ್ಲಿ ಹರಡಿಕೊಂಡಿದೆ, ಕೊನೆಯ ತೂತು ಮುಚ್ಚಿದ್ದು 2004ರಲ್ಲಿ. ಯಾವ ಕುಟುಂಬಕ್ಕೂ ಸೇರದೆ ಹೊರಗೆ ನಿಂತವು 26. ಅವುಗಳಲ್ಲಿ ದೊಡ್ಡದರ ಹೆಸರೇ ಮಾನ್‌ಸ್ಟರ್, ಸದಸ್ಯರ ಸಂಖ್ಯೆ ಸುಮಾರು 8ರ ಮುಂದೆ 53 ಸೊನ್ನೆ.

ಈಗ ಆ ಓದುಗರ ಪ್ರಶ್ನೆಗೆ ಬರುತ್ತೇನೆ. ಪ್ರಯೋಜನ ಏನು? ಭೌತಶಾಸ್ತ್ರದವರು, ರಸಾಯನಶಾಸ್ತ್ರದವರು ಉದ್ದ ಪಟ್ಟಿ ಕೊಡುತ್ತಾರೆ. ಹರಳಿನೊಳಗೆ ಪರಮಾಣುಗಳು ಮತ್ತೆ ಮತ್ತೆ ಅದೇ ರೀತಿ ಜೋಡಿಸಿಕೊಳ್ಳುವ ಸಮಮಿತಿಗಳು, ಅಂದರೆ ತಿರುಗಿಸಿದರೂ ಸರಿಸಿದರೂ ಮೊದಲಿನಂತೆಯೇ ಕಾಣುವ ರೀತಿಗಳು, 230 ಬಗೆ, ಅಷ್ಟೇ. ಫೆಡೊರೊವ್ ಮತ್ತು ಶೋನ್‌ಫ್ಲೀಸ್ 1891ರಲ್ಲಿ ಅದನ್ನು ಗ್ರೂಪುಗಳಿಂದ ಎಣಿಸಿದರು. ಪ್ರಕೃತಿಯ ನಿಯಮ ಇವತ್ತೂ ನಾಳೆಯೂ ಒಂದೇ ಆಗಿರುವುದರಿಂದಲೇ ಶಕ್ತಿ ನಾಶವಾಗುವುದಿಲ್ಲ ಎಂದು ಎಮಿ ನೋಥರ್ 1918ರಲ್ಲಿ ತೋರಿಸಿದ್ದೂ ಸಮಮಿತಿಯ ಗಣಿತದಿಂದಲೇ. ಇವನ್ನೆಲ್ಲ ಬೇರೆಯವರು ನನಗಿಂತ ಚೆನ್ನಾಗಿ ಹೇಳುತ್ತಾರೆ. ನನಗೆ ಇಷ್ಟವಾದದ್ದು ಚಿಕ್ಕದೊಂದು ಉಪಯೋಗ.

ಉದ್ದದ ಸಂಖ್ಯೆಯನ್ನು ಟೈಪ್ ಮಾಡುವಾಗ ನಾವು ಜಾಸ್ತಿ ಮಾಡುವ ತಪ್ಪು ಎರಡು: ಒಂದು ಅಂಕಿ ತಪ್ಪಾಗಿ ಒತ್ತುವುದು, ಪಕ್ಕಪಕ್ಕದ ಎರಡು ಅಂಕಿ ಅದಲುಬದಲು ಮಾಡುವುದು. ತಪ್ಪು ಹಿಡಿಯಲು ಕೊನೆಯಲ್ಲಿ ಒಂದು ಕಾವಲು ಅಂಕಿ ಸೇರಿಸುತ್ತಾರೆ. ಪುಸ್ತಕದ ಹಿಂಬದಿಯ 13 ಅಂಕಿಯ ಐಎಸ್‌ಬಿಎನ್‌ನಲ್ಲಿ ಅಂಕಿಗಳನ್ನು 1, 3, 1, 3 ಎಂದು ಗುಣಿಸಿ ಕೂಡುತ್ತಾರೆ, ಮೊತ್ತ 10ರಿಂದ ಭಾಗವಾಗಬೇಕು. ಅಕ್ಕಪಕ್ಕದ 1 ಮತ್ತು 6ನ್ನು ಅದಲುಬದಲು ಮಾಡಿ ನೋಡಿ. ಮೊದಲು 1 ಕೂಡು 18, ಅಂದರೆ 19. ಆಮೇಲೆ 6 ಕೂಡು 3, ಅಂದರೆ 9. ವ್ಯತ್ಯಾಸ 10, ಕಾವಲು ಅಂಕಿಗೆ ಗೊತ್ತೇ ಆಗುವುದಿಲ್ಲ. 10ರ ಶೇಷದ ಗ್ರೂಪನ್ನೇ ನೆಚ್ಚಿಕೊಂಡರೆ ಗುಣಕಗಳನ್ನು ಹೇಗೆ ಬದಲಿಸಿದರೂ ಇಂಥ ಒಂದು ತೂತು ಉಳಿದೇ ಉಳಿಯುತ್ತದೆ. ಡಚ್ ಗಣಿತಜ್ಞ ವರ್ಹೂಫ್ 1969ರಲ್ಲಿ ಮಾಡಿದ್ದು ಹೀಗೆ: ಹತ್ತು ಅಂಕಿಗಳನ್ನು ಸಮಪಂಚಭುಜದ ಹತ್ತು ಕೆಲಸಗಳಿಗೆ ಹೊಂದಿಸಿದರು, ಐದು ತಿರುಗಿಸುವಿಕೆ, ಐದು ಮಗುಚುವಿಕೆ. ಅಂಕಿಗಳು ನಿಂತ ಜಾಗಕ್ಕೆ ತಕ್ಕಂತೆ ಅವನ್ನು ಒಂದು ಗೊತ್ತಾದ ರೀತಿಯಲ್ಲಿ ಬದಲಿಸಿ, ಆ ಗ್ರೂಪಿನಲ್ಲಿ ಒಂದರ ಹಿಂದೆ ಒಂದು ಸೇರಿಸಿದರು. ಅಲ್ಲಿ ಕ್ರಮ ಬದಲಾದರೆ ಫಲ ಬದಲಾಗುತ್ತದಲ್ಲ! ಆ ಗುಣವನ್ನೇ ಕಾವಲಿಗೆ ನಿಲ್ಲಿಸಿದ್ದರಿಂದ ಒಂಟಿ ಅಂಕಿಯ ತಪ್ಪೂ ಅಕ್ಕಪಕ್ಕದ ಅದಲುಬದಲೂ ಒಂದೂ ಬಿಡದೆ ಸಿಕ್ಕಿಬೀಳುತ್ತವೆ. ಕೂಡುವ ಪೂರ್ಣಾಂಕಗಳನ್ನೇ ಉದಾಹರಣೆ ಕೊಡುತ್ತಾ ಕೂತವರಿಗೆ ಇದು ಹೊಳೆಯುವುದು ಕಷ್ಟ.

ರೂಬಿಕ್ ಕ್ಯೂಬ್ ಇರುವ ಮನೆಯವರಿಗೆ ಇನ್ನೊಂದು. ಕ್ಯೂಬನ್ನು ಬಿಚ್ಚಿ, ತುಂಡುಗಳನ್ನು ಕಣ್ಣುಮುಚ್ಚಿ ಜೋಡಿಸಿದರೆ ಅದನ್ನು ತಿರುಗಿಸಿ ಸರಿಮಾಡಲು ಬರುವ ಸಂಭವ 12ರಲ್ಲಿ 1. ತಿರುಗಿಸುವ ಕೆಲಸಗಳಿಂದಾದ ಗ್ರೂಪ್ ಎಲ್ಲ ಜೋಡಣೆಗಳನ್ನೂ ಮುಟ್ಟುವುದಿಲ್ಲ. ಮಕ್ಕಳು ಒಂದು ಮೂಲೆಯನ್ನು ಬಲವಂತವಾಗಿ ತಿರುಚಿಟ್ಟಿದ್ದರೆ ಜಗತ್ತಿನ ಯಾವ ನಿಪುಣನೂ ತಿರುಗಿಸಿ ಸರಿಮಾಡಲಾರ.

ಪಠ್ಯ ಮಾಡುವವರಲ್ಲಿ ನನ್ನ ಕೋರಿಕೆ ಸಣ್ಣದು. ಏನನ್ನೂ ತೆಗೆಯಬೇಡಿ, ಸೇರಿಸಲೂ ಬೇಡಿ. ತ್ರಿಭುಜವನ್ನು ಮೊದಲ ಪುಟಕ್ಕೆ ತನ್ನಿ, ವ್ಯಾಖ್ಯೆಯನ್ನು ಮೂರನೇ ಪಾಠಕ್ಕೆ ಸರಿಸಿ. ಪ್ರಶ್ನೆಪತ್ರಿಕೆಯಲ್ಲಿ 'ಗ್ರೂಪ್ ಎಂದು ಸಾಧಿಸಿ' ಅನ್ನುವುದರ ಜೊತೆಗೆ 'ಇದು ನಿಮಗೆ ಗೊತ್ತಿರುವ ಯಾವ ಗ್ರೂಪಿನ ವೇಷ' ಅಂತಲೂ ಕೇಳಿ. ಬಾಯಿಪಾಠ ಮಾಡಿದವರು ಯಾರು, ಅರ್ಥ ಮಾಡಿಕೊಂಡವರು ಯಾರು ಅಂತ ಆ ಒಂದು ಸಾಲಿನಲ್ಲಿ ಗೊತ್ತಾಗುತ್ತದೆ.

ನಿಮ್ಮಲ್ಲಿ ಕೋರಿಕೆ ಇನ್ನೊಂದು. ಲೇಖನದ ಮುಂದಿನ ಕಂತಿನಲ್ಲಿ ತ್ರಿಭುಜದ ಆರು ಕೆಲಸಗಳ ಕೋಷ್ಟಕವನ್ನು ದಯವಿಟ್ಟು ಅಚ್ಚು ಮಾಡಿ: ಆರು ಅಡ್ಡಸಾಲು, ಆರು ಕಂಬಸಾಲು, ಒಟ್ಟು 36 ಮನೆ, ಪ್ರತಿ ಮನೆಯಲ್ಲೂ ಅಡ್ಡಸಾಲಿನ ಕೆಲಸದ ಹಿಂದೆ ಕಂಬಸಾಲಿನ ಕೆಲಸ ಮಾಡಿದಾಗ ಬರುವ ಫಲದ ಹೆಸರು. ಕರಡು ತಿದ್ದುವವರಿಗೆ ಗಣಿತ ಬರಬೇಕಾಗಿಲ್ಲ. ಪ್ರತಿ ಅಡ್ಡಸಾಲಿನಲ್ಲೂ ಪ್ರತಿ ಕಂಬಸಾಲಿನಲ್ಲೂ ಆರು ಹೆಸರು ಒಂದೊಂದೇ ಸಲ ಇದೆಯಾ ಅಂತ ನೋಡಿದರೆ ಸಾಕು. ಒಂದೇ ಸಾಲಿನಲ್ಲಿ ಒಂದು ಹೆಸರು ಎರಡು ಸಲ ಬಂದಿದ್ದರೆ ಅದು ಅಚ್ಚಿನ ತಪ್ಪೇ, ನನ್ನನ್ನು ಕೇಳದೆ ತಿದ್ದಬಹುದು.

ಇಂತಿ,
ನಿಮ್ಮ ಹಳೆಯ ಓದುಗರಲ್ಲೊಬ್ಬಳು,
ನಿವೃತ್ತ ಗಣಿತ ಅಧ್ಯಾಪಕಿ